ಇನ್ನೊಬ್ಬರ ಗೆಲುವಿಗೆ ದಾಳ ಉರುಳಿಸುವವನು

2002ರಲ್ಲಿ ಅಮೆರಿಕದ ಆಲ್ಡರಾಕ್ ಎಂಟರ್‌ಟೈನ್‌ಮೆಂಟ್ ಗ್ರೂಪ್ ಪ್ರಕಟಿಸಿದ ‘ಸ್ಪೈಕ್ರಾಫ್ಟ್’ ಗೂಢಚಾರರ ಕಥೆಗಳನ್ನು ಮೇಜಿನ ಸುತ್ತ ಕೂತು ಆಡುವ ಆಟ. ನಾಲ್ಕೈದು ಜನ ತಲಾ ಒಬ್ಬ ಏಜೆಂಟನ ಪಾತ್ರ ವಹಿಸಿ ಮಾತಿನಲ್ಲೇ ಕಾರ್ಯಾಚರಣೆ ನಡೆಸುತ್ತಾರೆ. ಏನಾಗುತ್ತದೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ಶತ್ರುಗಳನ್ನೂ ಉಳಿದ ಲೋಕವನ್ನೂ ನಡೆಸುವವರಿಗೆ ಗೇಮ್ ಕಂಟ್ರೋಲ್ ಎಂದು ಹೆಸರು. ಪ್ಯಾಟ್ರಿಕ್ ಕಪೇರಾ ಮತ್ತು ಕೆವಿನ್ ವಿಲ್ಸನ್ ರೂಪಿಸಿದ ಮೊದಲ ಆವೃತ್ತಿಯಲ್ಲಿ ಏಜೆಂಟರಿಗೆ ಆರು ವರ್ಗಗಳಿವೆ. ವೇಷ ಮತ್ತು ಮಾತಿಗೆ ಫೇಸ್‌ಮ್ಯಾನ್, ಬೀಗ ತೆಗೆಯುವುದಕ್ಕೂ ಬೇಕಾದ್ದು ಹೊಂಚುವುದಕ್ಕೂ ಫಿಕ್ಸರ್, ಕಂಪ್ಯೂಟರು ಕದ್ದಾಲಿಕೆಗಳಿಗೆ ಸ್ನೂಪ್, ಗುಂಡಿನ ಕಾಳಗಕ್ಕೆ ಸೋಲ್ಜರ್, ವಾಹನಕ್ಕೆ ವೀಲ್‌ಮ್ಯಾನ್. ಈ ಐವರ ಕೆಲಸ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಆರನೆಯವನು ಪಾಯಿಂಟ್‌ಮ್ಯಾನ್. ಇವನನ್ನು ಹಾಗೆ ಹೇಳಿ ಮುಗಿಸಲಾಗದು, ಅದಕ್ಕೇ ಇವನ ಬಗ್ಗೆ ತಪ್ಪು ತಿಳಿವಳಿಕೆಯೂ ಹೆಚ್ಚು.

ಹೊಸಬರು ಇವನನ್ನು ತಂಡದ ಬಾಸ್ ಎಂದುಕೊಳ್ಳುತ್ತಾರೆ. ಹಾಗೆಂದುಕೊಂಡವರು ಮೇಜಿನಲ್ಲಿ ಅಪ್ಪಣೆ ಕೊಡಲು ಶುರುಮಾಡಿದರೆ ಉಳಿದವರಿಗೆ ಆಟವೇ ಬೇಸರವಾಗುತ್ತದೆ. ಅನುಭವಿಗಳದು ಇನ್ನೊಂದು ತಪ್ಪು. ಎಲ್ಲದರಲ್ಲೂ ಸ್ವಲ್ಪ ಬಲ್ಲ, ಯಾವುದರಲ್ಲೂ ಪೂರ್ತಿ ಪಳಗದ ಅರೆಬರೆ ಏಜೆಂಟ್ ಎಂದು ಬದಿಗಿಡುತ್ತಾರೆ. ಬೇರೆ ವರ್ಗಗಳ ಕೌಶಲಗಳನ್ನು ತನ್ನದಾಗಿಸಿಕೊಳ್ಳುವ, ಮುಂದೆ ಅವರ ವಿಶೇಷ ಸಾಮರ್ಥ್ಯಗಳಲ್ಲೂ ಕೆಲವನ್ನು ಎರವಲು ಪಡೆಯುವ ಅವಕಾಶ ಇವನಿಗಿರುವುದರಿಂದ ಆ ಅಭಿಪ್ರಾಯ ಹುಟ್ಟಿರಬೇಕು. ಆದರೆ ಈ ವರ್ಗದ ಜೀವ ಅಲ್ಲಿಲ್ಲ. ಅದು ಆಕ್ಷನ್ ಡೈಸ್‌ನಲ್ಲಿದೆ.

ಪ್ರತಿ ಆಟಗಾರನಿಗೂ ಒಂದು ಬೈಠಕ್ಕಿಗೆ ಬೆರಳೆಣಿಕೆಯಷ್ಟು ಆಕ್ಷನ್ ಡೈಸ್ ಸಿಗುತ್ತವೆ. ಆರಂಭದ ಹಂತದಲ್ಲಿ ಇವು ನಾಲ್ಕು ಮುಖದ ಪುಟ್ಟ ದಾಳಗಳು. ಮುಖ್ಯ ದಾಳ ಬಿದ್ದು, ಸಂಖ್ಯೆ ಸಾಲದೇನೋ ಅನ್ನಿಸಿದಾಗ ಇದನ್ನು ಉರುಳಿಸಿ ಕೂಡಿಸಿಕೊಳ್ಳಬಹುದು. ನಾಲ್ಕು ಬಿದ್ದರೆ ಮತ್ತೊಮ್ಮೆ ಉರುಳಿಸಿ ಅದನ್ನೂ ಸೇರಿಸಬಹುದು. ಇವುಗಳ ಬೆಲೆ ಅಷ್ಟಕ್ಕೇ ಮುಗಿಯುವುದಿಲ್ಲ. ಇಪ್ಪತ್ತು ಬಿದ್ದ ಮಾತ್ರಕ್ಕೆ ಹೊಡೆತ ಮಾರಕವಾಗುವುದಿಲ್ಲ, ಅದಕ್ಕೂ ಒಂದು ಆಕ್ಷನ್ ಡೈ ತೆರಬೇಕು. ಗೇಮ್ ಕಂಟ್ರೋಲ್‌ನ ಬಳಿಯೂ ಇಂಥದೇ ದಾಳಗಳ ಗಂಟಿದೆ. ನಾವು ಎಡವಿದಾಗ ಆ ಎಡವಟ್ಟನ್ನು ಅನಾಹುತ ಮಾಡಲು ಅವರೂ ತಮ್ಮದೊಂದನ್ನು ಕಳೆದುಕೊಳ್ಳಬೇಕು. ಹೀಗಾಗಿ ಇಡೀ ಆಟ ಎರಡೂ ಕಡೆಯವರ ಜಿಪುಣತನದ ಮೇಲೆ ನಿಂತಿದೆ.

ಇಂಥ ಬಿಗಿ ಲೆಕ್ಕದ ನಡುವೆ ಪಾಯಿಂಟ್‌ಮ್ಯಾನ್ ತನ್ನ ಪಾಲಿನ ದಾಳವನ್ನು ಇನ್ನೊಬ್ಬರ ಪ್ರಯತ್ನಕ್ಕೂ ಕೊಡಬಲ್ಲ. ಫೇಸ್‌ಮ್ಯಾನ್ ರಾಯಭಾರ ಕಚೇರಿಯ ಔತಣದಲ್ಲಿ ಕಾವಲುಗಾರನಿಗೆ ಸುಳ್ಳು ಹೇಳುತ್ತಿದ್ದಾನೆ, ದಾಳ ಕಡಿಮೆ ಬಿದ್ದಿದೆ, ಮೇಜಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ ಎಂದುಕೊಳ್ಳಿ. ಆಗ ಮೂಲೆಯಲ್ಲಿ ಕೂತ ಪಾಯಿಂಟ್‌ಮ್ಯಾನ್ ತನ್ನ ದಾಳವನ್ನು ಮುಂದೆ ತಳ್ಳುತ್ತಾನೆ. ಹೊರಗೆ ಕಾರಿನ ಹಾರ್ನ್ ಬಾರಿಸಿದನೋ, ಕಿವಿಯೊಳಗಿನ ಯಂತ್ರದಲ್ಲಿ ಸರಿಯಾದ ಹೆಸರು ಪಿಸುಗುಟ್ಟಿದನೋ, ಅದನ್ನು ಆಟಗಾರನೇ ಕಟ್ಟಿ ಹೇಳಬಹುದು. ವಾಲಿಬಾಲ್‌ನಲ್ಲಿ ಲಿಫ್ಟರ್ ಮಾಡುವ ಕೆಲಸ ಇದು. ಪಾಯಿಂಟ್ ಬರುವುದು ಸ್ಮ್ಯಾಷ್ ಹೊಡೆದವನ ಹೆಸರಿಗೆ, ಆದರೆ ಚೆಂಡು ಎಲ್ಲಿ ಏಳಬೇಕೆಂದು ತೀರ್ಮಾನಿಸಿದವನು ಇವನು. ತಂಡವಿಡೀ ಸದ್ದಿಲ್ಲದೆ ಅಂಗಳ ದಾಟಬೇಕಾದಾಗ ಇವನೊಬ್ಬನ ಫಲಿತಾಂಶವೇ ಎಲ್ಲರಿಗೂ ಅನ್ವಯಿಸುವಂತೆ ಮಾಡುವ ಸಾಮರ್ಥ್ಯವೂ ಇದೇ ಜಾಡಿನದು. ಮುಗ್ಗರಿಸುವವನೂ ಅವತ್ತು ದಾಟಿಬಿಡುತ್ತಾನೆ.

ನನಗೆ ಈ ವರ್ಗದ ಮೇಲೆ ಇಷ್ಟು ಅಭಿಮಾನ ಬರಲು ಕಾರಣವಿದೆ. ಗೂಢಚಾರಿಕೆಯ ಆಟಗಳ ಮೇಲೆ ಜೇಮ್ಸ್ ಬಾಂಡ್‌ನ ನೆರಳು ದಟ್ಟವಾಗಿದೆ. ಎಲ್ಲ ಬಲ್ಲ ಒಬ್ಬನೇ ಗಂಡಸು, ಉಳಿದವರೆಲ್ಲ ಅವನಿಗೆ ಸಾಮಾನು ಕೊಡುವವರು. ನಾಲ್ಕು ಜನ ಕೂತ ಮೇಜಿಗೆ ಈ ಮಾದರಿ ಒಗ್ಗುವುದೇ ಇಲ್ಲ. ಪಾಯಿಂಟ್‌ಮ್ಯಾನ್‌ನಲ್ಲಿ ನನಗೆ ಕಾಣುವುದು ಇನ್ನೊಂದು ಪರಂಪರೆ. 1966ರಲ್ಲಿ ಶುರುವಾದ ‘ಮಿಷನ್: ಇಂಪಾಸಿಬಲ್’ ಟಿವಿ ಧಾರಾವಾಹಿಯಲ್ಲಿ, ಎರಡನೆಯ ಸರಣಿಯಿಂದ ಪೀಟರ್ ಗ್ರೇವ್ಸ್ ವಹಿಸಿದ ಜಿಮ್ ಫೆಲ್ಪ್ಸ್ ಪಾತ್ರ ಅದು. ವೇಷ ಕಟ್ಟುವವನು ಬೇರೆ, ಯಂತ್ರ ಬಿಚ್ಚುವವನು ಬೇರೆ. ಯಾರು ಯಾವ ಗಳಿಗೆಯಲ್ಲಿ ಎಲ್ಲಿರಬೇಕೆಂಬ ಹೊಂದಾಣಿಕೆ ಫೆಲ್ಪ್ಸ್‌ನದು. ಅಂಥ ಮನುಷ್ಯನನ್ನು ಭಾಷಣದಿಂದಲ್ಲ, ಕೊಡುವ ನಿಯಮದಿಂದ ಆಟಕ್ಕೆ ತಂದದ್ದು ಸ್ಪೈಕ್ರಾಫ್ಟ್‌ನ ದೊಡ್ಡ ಸಾಧನೆ ಎಂದೇ ನಾನು ಭಾವಿಸುತ್ತೇನೆ.

ಕೊರತೆಯೂ ಇಲ್ಲೇ ಇದೆ. ವೀಲ್‌ಮ್ಯಾನ್‌ಗೆ ಬೆನ್ನಟ್ಟುವ ದೃಶ್ಯವಿದೆ. ಓಡುವವನೂ ಅಟ್ಟುವವನೂ ತಮ್ಮ ತಮ್ಮ ಪಟ್ಟನ್ನು ಗುಟ್ಟಾಗಿ ಆರಿಸಿ ಒಟ್ಟಿಗೇ ಬಯಲು ಮಾಡುವ ಸೊಗಸಾದ ವ್ಯವಸ್ಥೆ ಅದು. ಆ ಅರ್ಧ ಗಂಟೆ ಮೇಜಿನ ಕಣ್ಣೆಲ್ಲ ಅವನ ಮೇಲೆ. ಪಾಯಿಂಟ್‌ಮ್ಯಾನ್‌ಗೆ ಅಂಥದೊಂದು ಗಳಿಗೆ ಇಲ್ಲ. ಕೊಡುವುದರಲ್ಲೇ ಸುಖ ಕಾಣುವ ಆಟಗಾರನಿಗೆ ಇದು ನಡೆದೀತು, ಸಂಕೋಚದವನ ಕೈಗೆ ಸಿಕ್ಕರೆ ಸಂಜೆಯಿಡೀ ಅವನು ದಾಳ ಹಂಚುವ ಗುಮಾಸ್ತನಾಗಿ ಉಳಿಯುತ್ತಾನೆ.

2005ರ ಎರಡನೆಯ ಆವೃತ್ತಿ ಇದನ್ನು ಸರಿಪಡಿಸಬಹುದಿತ್ತು. ಅಲ್ಲಿ ವರ್ಗಗಳು ಹನ್ನೆರಡಾದವು. ಹ್ಯಾಕರ್, ಸ್ಲೂತ್, ಇಂಟ್ರೂಡರ್ ಎಂಬ ತಜ್ಞರು ಬಂದರು. ಬೆನ್ನಟ್ಟುವ ದೃಶ್ಯದ ಅಚ್ಚಿನಲ್ಲೇ ಹ್ಯಾಕಿಂಗ್, ವಿಚಾರಣೆ, ಒಳನುಸುಳುವಿಕೆ, ತಲೆಮರೆಸಿಕೊಂಡವನ ಹುಡುಕಾಟಗಳಿಗೂ ಪ್ರತ್ಯೇಕ ಮುಖಾಮುಖಿಗಳು ಬಂದವು. ಅದು ಧೈರ್ಯದ ವಿಸ್ತರಣೆ, ಬಹುಪಾಲು ಯಶಸ್ವಿಯೂ ಹೌದು. ಆದರೆ ತಜ್ಞರು ಹೆಚ್ಚಿದಷ್ಟೂ ಅವರನ್ನು ಹೊಂದಿಸುವವನ ಕೆಲಸ ದೊಡ್ಡದಾಗಬೇಕಲ್ಲವೇ? ಕಾರ್ಯಾಚರಣೆಯ ಹಿಂದಿನ ರಾತ್ರಿ ನಕಾಶೆ ಹರಡಿ ಕೂತು, ಯಾರು ಯಾವ ಬಾಗಿಲಿಗೆ, ಕೆಟ್ಟರೆ ಮುಂದೇನು ಎಂದು ಹೂಡುವ ಹೊತ್ತು ಗೂಢಚಾರರ ಕಥೆಗಳಲ್ಲಿ ಎಷ್ಟು ರೋಚಕ! ಆ ಹೊತ್ತಿಗೂ ಅಂಥದೇ ಒಂದು ಮುಖಾಮುಖಿಯನ್ನು ಕಟ್ಟಿ ಪಾಯಿಂಟ್‌ಮ್ಯಾನ್‌ನ ಕೈಗೆ ಕೊಡಬೇಕಿತ್ತು. ಕೊಡಲಿಲ್ಲ. ಇವತ್ತು ಈ ಆಟ ಆಡಿಸುವವರು ಅದನ್ನು ತಾವೇ ಸೇರಿಸಿಕೊಳ್ಳುವುದು ಒಳ್ಳೆಯದು. ಯೋಜನೆ ಹೂಡುವ ಹೊತ್ತಿನಲ್ಲಿ ಪಾಯಿಂಟ್‌ಮ್ಯಾನ್ ಮುಂದಾಗಿ ಊಹಿಸಿದ ಪ್ರತಿ ಅಪಾಯಕ್ಕೂ ಒಂದು ಹೆಚ್ಚಿನ ದಾಳ ಕೊಟ್ಟು, ಅದನ್ನು ಅವನು ಬೇರೆಯವರಿಗೇ ಖರ್ಚು ಮಾಡಬೇಕೆಂದರೆ ಸಾಕು.