‘ಕ್ಯಾಂಪ್‌ಬೆಲ್’ ಎಂಬ ಕುಲನಾಮದ ನಿರುಕ್ತಿವಿಚಾರ

ಸ್ಕಾಟ್ಲೆಂಡಿನ ಕುಲನಾಮಗಳಲ್ಲಿ ‘ಕ್ಯಾಂಪ್‌ಬೆಲ್’ ಎಂಬುದು ಸುಪ್ರಸಿದ್ಧವಾದುದು. ಆ ದೇಶದ ಪಶ್ಚಿಮತೀರದ ಆರ್ಗೈಲ್ ಪ್ರಾಂತದಲ್ಲಿ ಪ್ರಬಲವಾಗಿದ್ದ ಮನೆತನವು ಈ ಹೆಸರಿನದು. ಅದರ ಮುಖ್ಯಸ್ಥರು 1457ರಲ್ಲಿ ಅರ್ಲ್ ಪದವಿಯನ್ನೂ 1701ರಲ್ಲಿ ಡ್ಯೂಕ್ ಪದವಿಯನ್ನೂ ಪಡೆದರು. ಹೀಗೆ ಉನ್ನತಿಗೇರಿದ ಕುಲದ ಹೆಸರಿಗೆ ಉನ್ನತವಾದ ಅರ್ಥವನ್ನೇ ಕಲ್ಪಿಸಬೇಕೆಂಬ ಆಶೆಯು ವಂಶಾವಳಿಕಾರರಲ್ಲಿ ಹುಟ್ಟಿದುದು ಸಹಜವೇ ಸರಿ. ಆದರೆ ಶಬ್ದದ ಮೂಲವು ಆಶೆಯಿಂದ ಸಿದ್ಧಿಸತಕ್ಕುದಲ್ಲ, ಪ್ರಮಾಣದಿಂದ ಸಿದ್ಧಿಸತಕ್ಕುದು.

ಪೂರ್ವಪಕ್ಷವು ಇಂತಿದೆ: ಲ್ಯಾಟಿನ್ ಭಾಷೆಯಲ್ಲಿ ‘ಕಾಂಪುಸ್’ ಎಂದರೆ ಬಯಲು, ‘ಬೆಲ್ಲುಸ್’ ಎಂದರೆ ಸುಂದರವಾದುದು, ಆದುದರಿಂದ ‘ದೆ ಕಾಂಪೊ ಬೆಲ್ಲೊ’, ಅಂದರೆ ‘ಸುಂದರಕ್ಷೇತ್ರದವನು’ ಎಂಬುದೇ ಈ ಹೆಸರಿನ ಮೂಲರೂಪ. ಇದಕ್ಕೆ ಪೋಷಕವಾಗಿ, ಕುಲದ ಪೂರ್ವಜನೊಬ್ಬನು ನಾರ್ಮಂಡಿಗೆ ಹೋಗಿ ಅಲ್ಲಿಯ ಸಿರಿವಂತ ಮನೆತನದ ಉತ್ತರಾಧಿಕಾರಿಣಿಯನ್ನು ವರಿಸಿದನೆಂಬ ಕಥೆಯನ್ನೂ ಹೇಳುವರು. ಕೇಳುವುದಕ್ಕೆ ಇಂಪಾದ ಈ ನಿರುಕ್ತಿಯು ವಿಮರ್ಶೆಯನ್ನು ತಡೆದುಕೊಳ್ಳಲಾರದು.

ಮೊದಲನೆಯದಾಗಿ, ಪದಗಳ ಕ್ರಮವೇ ಇದಕ್ಕೆ ವಿರುದ್ಧವಾಗಿದೆ. ನಾರ್ಮನ್ನರ ಹೆಸರುಗಳಲ್ಲಿ ಈ ಅರ್ಥವುಳ್ಳ ಕುಲನಾಮವು ನಿಜವಾಗಿಯೂ ಉಂಟು; ಅದು ‘ಬೋಶಾಂ’ ಎಂಬುದು. ಅದರ ಲ್ಯಾಟಿನ್ ರೂಪವು ‘ದೆ ಬೆಲ್ಲೊ ಕಾಂಪೊ’. ಅಲ್ಲಿ ವಿಶೇಷಣವು ಮೊದಲು, ವಿಶೇಷ್ಯವು ಅನಂತರ. ಎರಡನೆಯದಾಗಿ, ಪ್ರಾಚೀನ ದಾಖಲೆಗಳ ಸಾಕ್ಷ್ಯ. 1263ರ ರಾಜಕೋಶದ ಲೆಕ್ಕಗಳಲ್ಲಿ ಗಿಲ್ಲೆಸ್ಪಿಕ್ ಕಂಬೆಲ್ ಎಂಬವನು ಮೆನ್ಸ್ಟ್ರಿ ಮತ್ತು ಸಾಕಿ ಎಂಬ ಊರುಗಳ ಭೂಮಿಯ ಸಂಬಂಧದಲ್ಲಿ ಕಾಣಿಸಿಕೊಳ್ಳುವನು. ಇಲ್ಲಿ ಸ್ಥಳವಾಚಕವಾದ ‘ದೆ’ ಎಂಬ ಉಪಪದವಿಲ್ಲ, ಪಕಾರವೂ ಇಲ್ಲ. ಬರಹದ ಪಕಾರವು ಆಮೇಲೆ ಬಂದು ಸೇರಿದುದು. ಇಂದಿಗೂ ಆ ದೇಶದವರ ಉಚ್ಚಾರಣೆಯಲ್ಲಿ ಅದು ಕೇಳಿಸದು. ಮೂರನೆಯದಾಗಿ, ‘ಗಿಲ್ಲೆಸ್ಪಿಕ್’ ಎಂಬ ಅಂಕಿತನಾಮವು ‘ಬಿಷಪ್ಪನ ಸೇವಕ’ ಎಂಬರ್ಥದ ಶುದ್ಧ ಗೇಲಿಕ್ ಶಬ್ದ. ಹೆಸರಿನ ಮೊದಲರ್ಧವು ಗೇಲಿಕ್ ಆಗಿರುವಲ್ಲಿ ಉತ್ತರಾರ್ಧಕ್ಕಾಗಿ ನಾರ್ಮಂಡಿಯವರೆಗೆ ಹೋಗುವುದು ಗೌರವದೋಷವೇ.

ಸಿದ್ಧಾಂತವು ಸರಳವಾಗಿದೆ. ಗೇಲಿಕ್ ಭಾಷೆಯಲ್ಲಿ ‘ಕಮ್’ ಎಂದರೆ ಸೊಟ್ಟ, ‘ಬೇಲ್’ ಎಂದರೆ ಬಾಯಿ. ‘ಸೊಟ್ಟಬಾಯಿಯವನು’ ಎಂಬುದು ಯಾವನೋ ಒಬ್ಬ ಪೂರ್ವಜನಿಗೆ ಬಿದ್ದ ಅಡ್ಡಹೆಸರು. ಅದೇ ಅವನ ಸಂತತಿಗೆ ಕುಲನಾಮವಾಗಿ ನಿಂತಿತು. ‘ಇಷ್ಟು ಹೀನವಾದ ಅರ್ಥವು ಇಷ್ಟು ದೊಡ್ಡ ಕುಲಕ್ಕೆ ಹೇಗೆ ಕೂಡೀತು?’ ಎಂದು ಶಂಕಿಸಬಾರದು. ಲೋಖಾಬರ್ ಪ್ರಾಂತದ ಕ್ಯಾಮರನ್ ಕುಲದ ಹೆಸರೂ ಇದೇ ಜಾತಿಯದು. ‘ಕಮ್’ ಎಂಬುದಕ್ಕೆ ಮೂಗೆಂಬರ್ಥದ ‘ಸ್ರೋನ್’ ಎಂಬುದು ಸೇರಿ ಅಲ್ಲಿ ‘ಸೊಟ್ಟಮೂಗಿನವನು’ ಎಂದಾಗಿದೆ. ಅಷ್ಟಾವಕ್ರನೆಂಬ ಹೆಸರಿನಿಂದ ಆ ಋಷಿಯ ಜ್ಞಾನಕ್ಕೆ ಕುಂದುಂಟಾಯಿತೆಂದು ಹೇಳುವವರಿಲ್ಲವಷ್ಟೆ.

ಹಾಗೆಂದು ಈ ಅರ್ಥವನ್ನು ಕುಲದ ಸ್ವಭಾವಕ್ಕೆ ಅಂಟಿಸುವುದೂ ಅಷ್ಟೇ ಅನುಚಿತ. 1692ರ ಫೆಬ್ರವರಿ 13ರಂದು ಗ್ಲೆಂಕೋ ಕಣಿವೆಯಲ್ಲಿ ರಾಬರ್ಟ್ ಕ್ಯಾಂಪ್‌ಬೆಲ್ಲನ ಅಧೀನದಲ್ಲಿದ್ದ ರಾಜಸೈನಿಕರು, ತಮಗೆ ಆತಿಥ್ಯವಿತ್ತ ಮ್ಯಾಕ್‌ಡೊನಾಲ್ಡರಲ್ಲಿ ಸುಮಾರು 38 ಮಂದಿಯನ್ನು ಕೊಂದರು. ಇದನ್ನು ನೆನೆದು ‘ಸೊಟ್ಟಬಾಯಿ’ಗೆ ‘ಆಡಿದ ಮಾತಿಗೆ ತಪ್ಪುವವನು’ ಎಂದು ಅರ್ಥಮಾಡುವುದಾದರೆ, ನಾಲ್ಕು ನೂರು ವರ್ಷಗಳ ಹಿಂದೆಯೇ ಇದ್ದ ಹೆಸರಿಗೆ ಆಮೇಲಿನ ಕೃತ್ಯವನ್ನು ಕಾರಣವಾಗಿ ಹೇಳಿದಂತಾಗುವುದು. ಸ್ತುತಿಗಾಗಿ ಮಾಡಿದ ನಿರುಕ್ತಿಯೂ ನಿಂದೆಗಾಗಿ ಮಾಡಿದ ನಿರುಕ್ತಿಯೂ ಸಮಾನವಾಗಿ ತ್ಯಾಜ್ಯ.

ಹೆಸರಿನ ಭಾಷೆಯಿಂದ ಕುಲದ ರಕ್ತವನ್ನು ನಿರ್ಣಯಿಸುವುದೂ ಅಪಾಯಕರವೇ. ಡೇವಿಡ್ ಸೆಲ್ಲರ್ ಅವರು 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹೆಸರು ಗೇಲಿಕ್ ಆದರೂ ಕುಲವು ಮೂಲತಃ ಪ್ರಾಚೀನ ಬ್ರಿಟನ್ನರದೆಂದು ವಾದಿಸಿರುವರು. ವಂಶದಲ್ಲಿ ಆರ್ಥರ್ ಎಂಬ ಹೆಸರು ಬರುವುದು ಅವರ ಆಧಾರಗಳಲ್ಲೊಂದು. ಇದಲ್ಲದೆ, ಈ ಹೆಸರನ್ನು ಹೊತ್ತವರೆಲ್ಲರೂ ಒಂದೇ ವಂಶದವರಲ್ಲ. ಮ್ಯಾಕ್‌ಗ್ರೆಗರ್ ಎಂಬ ಕುಲನಾಮವನ್ನು ರಾಜಾಜ್ಞೆಯು 1603ರಲ್ಲಿ ನಿಷೇಧಿಸಿತು. 1661ರಲ್ಲಿ ಆ ನಿಷೇಧವು ತೆರವಾಗಿ, 1693ರಲ್ಲಿ ಪುನಃ ಬಂದು, 1774ರಲ್ಲಿ ಕೊನೆಗೊಂಡಿತು. ಆ ಕಾಲದಲ್ಲಿ ಪ್ರಸಿದ್ಧನಾದ ರಾಬ್ ರಾಯ್ ಮ್ಯಾಕ್‌ಗ್ರೆಗರನು ತಾಯಿಯ ಕಡೆಯ ಕ್ಯಾಂಪ್‌ಬೆಲ್ ಎಂಬ ಹೆಸರನ್ನೇ ಧರಿಸಿದನು. ಯೋಗಾರ್ಥವು ಅಳಿದು ರೂಢಿಯೇ ಉಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಕನ್ನಡ ವಿದ್ವಾಂಸರಿಗೆ ಈ ವಿಚಾರವು ತೀರ ದೂರದ್ದಲ್ಲ. ಗಿಲ್ಲೆಸ್ಪಿಕ್ ಕಂಬೆಲ್ಲನು ಬಾಳಿದ 13ನೆಯ ಶತಮಾನದಲ್ಲಿಯೇ ಇತ್ತ ಕೇಶಿರಾಜನು ತತ್ಸಮ, ತದ್ಭವ, ದೇಶ್ಯಗಳನ್ನು ಬೇರ್ಪಡಿಸಿ ವ್ಯಾಕರಣವನ್ನು ರಚಿಸಿದನು. ಆ ಪರಿಭಾಷೆಯಲ್ಲಿ ಹೇಳುವುದಾದರೆ, ಅಚ್ಚ ದೇಶ್ಯವಾದ ಹೆಸರನ್ನು ಲ್ಯಾಟಿನ್ನಿನ ತದ್ಭವವೆಂದು ಭ್ರಮಿಸಿದುದೇ ವಂಶಾವಳಿಕಾರರ ದೋಷ. ಇದೇ ಕುಲನಾಮದ ಎ. ಡಿ. ಕ್ಯಾಂಪ್‌ಬೆಲ್ಲರ ತೆಲುಗು ವ್ಯಾಕರಣವು 1816ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅದರ ಪೀಠಿಕೆಗೆ ಸೇರಿಸಿದ ಟಿಪ್ಪಣಿಯಲ್ಲಿ ಎಫ್. ಡಬ್ಲ್ಯು. ಎಲ್ಲಿಸ್ಸರು ತೆಲುಗು, ತಮಿಳು, ಕನ್ನಡ ಮೊದಲಾದುವು ಸಂಸ್ಕೃತದಿಂದ ಹುಟ್ಟಿದುವಲ್ಲವೆಂದೂ ಅವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದುವೆಂದೂ ತೋರಿಸಿದರು. ದೇಶ್ಯಪದಗಳಿಗೆ ಸಂಸ್ಕೃತಧಾತುಗಳನ್ನು ಹುಡುಕಿ ಹಚ್ಚುವ ಅಭ್ಯಾಸವು ಪಂಡಿತರಲ್ಲಿ ಇನ್ನೂ ಪೂರ್ಣವಾಗಿ ಅಡಗಿಲ್ಲ. ಸಂಸ್ಕೃತದ ಮಹಿಮೆಯು ಅಂಥ ಎರವಿನ ಗೌರವದಿಂದ ಹೆಚ್ಚತಕ್ಕುದಲ್ಲ. ದೇಶ್ಯದ ಮಾನವು ಸ್ವಂತ ಮೂಲವನ್ನು ಒಪ್ಪಿಕೊಂಡುದರಿಂದ ಕುಗ್ಗತಕ್ಕುದೂ ಅಲ್ಲ. ಸೊಟ್ಟಬಾಯಿಯ ಪೂರ್ವಜನೊಬ್ಬನ ಹೆಸರು ಏಳುನೂರು ವರ್ಷಗಳಿಗೂ ಮಿಗಿಲಾಗಿ ಬಾಳಿಬಂದುದೇ ಇದಕ್ಕೆ ಸಾಕ್ಷಿ.