ಸುಗಂಧವರ್ತಿಯ ಶಿಲಾಲೇಖಗಳು

ಯರಗಟ್ಟಿಯ ಸೀಮೆಯ ನಾವು ಸವದತ್ತಿಗೆ ಹೋಗುವುದು ಬಹುಮಟ್ಟಿಗೆ ಎಲ್ಲಮ್ಮನ ಗುಡ್ಡಕ್ಕಾಗಿ. ಆ ಊರೇ ಸುಗಂಧವರ್ತಿಯೆಂಬ ಹೆಸರಿನಿಂದ, ಕೂಂಡಿ ಮೂರುಸಾವಿರ ನಾಡನ್ನಾಳಿದ ರಟ್ಟರ ರಾಜಧಾನಿಯಾಗಿ ಮೆರೆದುದನ್ನು ನೆನೆಯುವವರು ವಿರಳ. ಪ್ರಾಚೀನ ನಗರಗಳ ಹಿರಿಮೆಯನ್ನಳೆಯಲು ಅಥೆನ್ಸನ್ನು ಮಾನದಂಡವಾಗಿ ಹಿಡಿಯುವವರಿರುವುದರಿಂದ, ಅದೇ ಮಾನದಂಡದಿಂದ ಸುಗಂಧವರ್ತಿಯ ಶಾಸನಗಳನ್ನೂ ಪರೀಕ್ಷಿಸುವುದು ಉಚಿತವಾದುದು.

ಶಾಸನತಜ್ಞ ಫ್ಲೀಟ್ ಮಹಾಶಯರು 19ನೆಯ ಶತಮಾನದಲ್ಲಿ ಸಂಪಾದಿಸಿದ ಈ ಲೇಖಗಳಲ್ಲಿ ವಂಶಪ್ರಶಸ್ತಿಗೆ ಸಂದ ಸ್ಥಳ ದೊಡ್ಡದು. ಅರಸರ ಶೌರ್ಯವರ್ಣನೆ ಒಂದೇ ಎರಕದಲ್ಲಿ ಹೊಯ್ದಂತಿದ್ದು, ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಕಾಣುವುದು ದುಸ್ಸಾಧ್ಯ. 1228ರ ಶಾಸನದಲ್ಲಿ ರಾಜಗುರು ಮುನಿಚಂದ್ರನ ಚಿತ್ರ ಬಂದಾಗ ಮಾತ್ರ ಈ ಏಕತಾನತೆ ಮುರಿಯುತ್ತದೆ: ಜೈನಾಚಾರ್ಯನಾಗಿಯೂ ರಾಜ್ಯಭಾರದ ಹೊಣೆಹೊತ್ತು, ರಟ್ಟರಾಜ್ಯ ಪ್ರತಿಷ್ಠಾಚಾರ್ಯನೆನಿಸಿದ ಆತನು ಸಾಮಾನ್ಯ ಪ್ರಶಸ್ತಿಯ ಅಚ್ಚಿಗೆ ಒಗ್ಗದ ವ್ಯಕ್ತಿ.

ಶಾಸನಗಳ ನಿಜವಾದ ಸತ್ತ್ವವಿರುವುದು ದಾನದ ವಿವರದಲ್ಲಿ. 980ರಲ್ಲಿ ಸಾಮಂತ ಶಾಂತಿವರ್ಮನು ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿಯನ್ನು ಬಿಟ್ಟನು. ತಾಯಿ ನಿಜಿಯಬ್ಬೆಯೂ ಅಷ್ಟನ್ನೇ ಬಿಟ್ಟಳು. ಮಗನ ದಾನದೊಡನೆ ತಾಯಿಯ ದಾನವೂ ಸಮಪ್ರಮಾಣದಲ್ಲಿ ಕಲ್ಲನ್ನೇರಿದೆ. ಪ್ರಜಾಪ್ರಭುತ್ವದ ತವರೆಂದು ಕೊಂಡಾಡಲ್ಪಡುವ ಅಥೆನ್ಸಿನಲ್ಲಾದರೋ, ಒಂದು ಮೆಡಿಮ್ನಸ್ ಅಳತೆಯ ಜವೆಗೋಧಿಯ ಬೆಲೆಯನ್ನು ಮೀರಿದ ವ್ಯವಹಾರವನ್ನು ಸ್ತ್ರೀಯು ಸ್ವತಂತ್ರವಾಗಿ ನಡೆಸಲು ಕಾನೂನು ಒಪ್ಪುತ್ತಿರಲಿಲ್ಲ.

ಆದರೆ ಅಥೆನ್ಸಿನ ಕಲ್ಲುಗಳಿಗೂ ಒಂದು ಹಿರಿಮೆಯುಂಟು. ಕ್ರಿ. ಪೂ. 5ನೆಯ ಶತಮಾನದ ಕೊನೆಯಲ್ಲಿ ಎರೆಕ್ಥಿಯಮ್ ದೇವಾಲಯವನ್ನು ಕಟ್ಟುವಾಗ ಕೆತ್ತಿಸಿದ ಲೆಕ್ಕದಲ್ಲಿ, ಕಂಬಗಳಿಗೆ ಉದ್ದಗೆರೆ ಕೊರೆದ ಕಲ್ಲುಕುಟಿಗರ ಹೆಸರುಗಳಿವೆ. ನಾಗರಿಕನೂ ಪರಸ್ಥಳದಿಂದ ಬಂದು ನೆಲಸಿದವನೂ ದಾಸನೂ ಅಲ್ಲಿ ಜೊತೆಯಾಗಿ ದುಡಿದರು, ದಿನಗೂಲಿ ಒಂದು ಡ್ರಾಕ್ಮಾ. ರಟ್ಟರ ಶಾಸನಗಳು ಭೂಮಿಯನ್ನಿತ್ತವರನ್ನು ಹೊಗಳಿದುವೇ ಹೊರತು ಕಲ್ಲು ಕಡಿದವರ ಕೂಲಿಯನ್ನು ಬರೆದಿಡಲಿಲ್ಲ. ಇದು ಅವುಗಳ ದೊಡ್ಡ ನ್ಯೂನತೆ.

ಈ ನ್ಯೂನತೆಯಿದ್ದರೂ ಅವುಗಳನ್ನು ಕೇವಲ ವಂಶಾವಳಿಯ ಆಕರವೆಂದೆಣಿಸುವುದು ಅನ್ಯಾಯ. ಅರಸುಗಳ ಬಿರುದನ್ನು ಬದಿಗಿರಿಸಿ ಮತ್ತರುಗಳ ಲೆಕ್ಕವನ್ನು ಓದಬಲ್ಲವನಿಗೆ, ಒಬ್ಬ ಸ್ತ್ರೀಯು ತನ್ನ ಹೆಸರಿನಿಂದಲೇ ಭೂದಾನ ಮಾಡಬಹುದಾಗಿದ್ದ ಸಮಾಜವು ಕಾಣಸಿಗುತ್ತದೆ. ನಮ್ಮ ಶಾಲೆಗಳಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸನ ಪಾಠವಾಗುವಾಗ ನಿಜಿಯಬ್ಬೆಯ ಪಾಠವೂ ಆಗತಕ್ಕುದು.