ಹಡಗು ಕಾರ್ಖಾನೆಯಲ್ಲಿ ಸಿನಿಮಾ ಸ್ಟುಡಿಯೋ: ಬೆಲ್‌ಫಾಸ್ಟ್ ಕಲಿಸುವ ಪಾಠ

ಪ್ರಪಂಚದ ಹಳೆಯ ಬಂದರು ನಗರಗಳಿಗೆಲ್ಲ ಈಚೆಗೆ ಒಂದೇ ಬಗೆಯ ಚಿಂತೆ ಹತ್ತಿಕೊಂಡಿದೆ. ಸರಕೆಲ್ಲ ಕಂಟೇನರ್ ಪೆಟ್ಟಿಗೆಗಳಲ್ಲಿ ಬರತೊಡಗಿದ ಮೇಲೆ ಹಳೆಯ ಧಕ್ಕೆಗಳು ಸಾಲದೆ ಹೋದವು. ಹಡಗು ಕಟ್ಟುವ ಕೆಲಸ ಜಪಾನಿಗೆ, ಕೊರಿಯಾಕ್ಕೆ, ಚೀನಾಕ್ಕೆ ಸರಿಯಿತು. ಉಳಿದದ್ದು ನೀರಂಚಿನ ಖಾಲಿ ನೆಲ, ತುಕ್ಕು ಹಿಡಿದ ಷೆಡ್ಡುಗಳು, ಕೆಲಸ ಕಳೆದುಕೊಂಡ ಜನ. ಈ ನೆಲವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಹಲವು ನಗರಗಳು ಕಂಡುಕೊಂಡ ಉತ್ತರ ಸಿನಿಮಾ ಮತ್ತು ಟೆಲಿವಿಷನ್ ಸ್ಟುಡಿಯೋ. ನ್ಯೂಯಾರ್ಕಿನ ಬ್ರೂಕ್ಲಿನ್ ನೌಕಾಂಗಣದಲ್ಲಿ ೨೦೦೪ರಲ್ಲಿ ಸ್ಟುಡಿಯೋ ತೆರೆಯಿತು. ಇಂಗ್ಲೆಂಡಿನ ಸಾಲ್‌ಫರ್ಡಿನಲ್ಲಿ ೧೯೮೨ರಲ್ಲಿ ಮುಚ್ಚಿದ್ದ ಹಡಗುಕಟ್ಟೆಗಳ ಜಾಗಕ್ಕೆ ೨೦೧೧ರಿಂದ ಬಿ.ಬಿ.ಸಿ. ತನ್ನ ಹಲವು ವಿಭಾಗಗಳನ್ನು ಸಾಗಿಸಿತು. ಇವೆಲ್ಲಕ್ಕಿಂತ ಹೆಚ್ಚು ಹೆಸರಾದದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್.

ಹೆಸರು ಬಂದಲ್ಲಿ ಅನುಕರಣೆ ಹಿಂದೆಯೇ ಬರುತ್ತದೆ. ಕಡಲಂಚಿನ ಈ ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ನಾವು, ಬೆಲ್‌ಫಾಸ್ಟಿನ ಪ್ರಯೋಗವನ್ನು ಹೊಗಳಿಕೆಯ ಗದ್ದಲದಿಂದ ತುಸು ದೂರ ನಿಂತು ಪರಿಶೀಲಿಸುವುದು ಉಚಿತವೆನಿಸುತ್ತದೆ.

ಬೆಲ್‌ಫಾಸ್ಟಿನ ಹಾರ್ಲಂಡ್ ಅಂಡ್ ವುಲ್ಫ್ ಹಡಗು ಕಾರ್ಖಾನೆ ೧೮೬೧ರಲ್ಲಿ ಸ್ಥಾಪನೆಯಾಯಿತು. ೧೯೧೧ರ ಮೇ ೩೧ರಂದು ಟೈಟಾನಿಕ್ ಹಡಗು ನೀರಿಗಿಳಿದದ್ದು ಇಲ್ಲಿಂದಲೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಸುಮಾರು ೩೫,೦೦೦ ಜನ ದುಡಿಯುತ್ತಿದ್ದರು. ಯುದ್ಧಾನಂತರ ಕೆಲಸ ಇಳಿಮುಖವಾಗುತ್ತ ಬಂದು, ೨೦೦೩ರಲ್ಲಿ ಒಂದು ಹಡಗನ್ನು ಕಟ್ಟಿ ಕೊಟ್ಟ ಮೇಲೆ ಹಡಗು ನಿರ್ಮಾಣವೇ ನಿಂತು, ದುರಸ್ತಿ ಮತ್ತು ಇತರ ಉಕ್ಕಿನ ಕೆಲಸಗಳಷ್ಟೇ ಉಳಿದವು. ಕಾರ್ಖಾನೆಗೆ ಬೇಡವಾದ ಸುಮಾರು ೧೮೫ ಎಕರೆ ನೆಲಕ್ಕೆ ‘ಟೈಟಾನಿಕ್ ಕ್ವಾರ್ಟರ್’ ಎಂದು ಹೆಸರಿಟ್ಟು ಹೊಸ ಬಡಾವಣೆಯನ್ನು ಎಬ್ಬಿಸಿದರು. ಮುಳುಗಿದ ಹಡಗಿನ ಹೆಸರನ್ನು ಏಳಿಗೆಯ ಯೋಜನೆಗೆ ಇಟ್ಟವರ ಧೈರ್ಯವನ್ನು ಮೆಚ್ಚಲೇಬೇಕು!

ಇದೇ ನೆಲದ ಮೇಲೆ ‘ಪೇಂಟ್ ಹಾಲ್’ ಎಂಬ ಭಾರೀ ಕಟ್ಟಡವೊಂದಿದೆ. ಹಡಗಿನ ದೊಡ್ಡ ದೊಡ್ಡ ಭಾಗಗಳನ್ನು ಒಳಕ್ಕೆ ತಂದು, ಮಳೆ ಚಳಿಯ ಕಾಟವಿಲ್ಲದೆ ಬಣ್ಣ ಹಚ್ಚುವುದಕ್ಕಾಗಿ ಕಟ್ಟಿದ್ದು. ಒಳಗೆ ನಾಲ್ಕು ಅಂಕಣಗಳು. ಒಂದೊಂದೂ ೧೬,೦೦೦ ಚದರ ಅಡಿ, ಎತ್ತರ ಸುಮಾರು ೯೦ ಅಡಿ. ಸಿನಿಮಾದವರಿಗೆ ಬೇಕಾದದ್ದೂ ಇಂಥದೇ. ನಡುವೆ ಕಂಬವಿಲ್ಲದ ವಿಶಾಲ ಜಾಗ, ಕೋಟೆಯ ಗೋಡೆಯನ್ನೇ ಒಳಗೆ ನಿಲ್ಲಿಸಬಹುದಾದ ಎತ್ತರ, ಲಾರಿ ನೇರವಾಗಿ ನುಗ್ಗುವ ಬಾಗಿಲು, ಎಷ್ಟು ಭಾರವಾದರೂ ತಡೆಯುವ ನೆಲ, ನೆರೆಹೊರೆಯವರ ನಿದ್ದೆ ಕೆಡಿಸದಷ್ಟು ದೂರ. ‘ಸಿಟಿ ಆಫ್ ಎಂಬರ್’ ಚಿತ್ರದ ನಗರವನ್ನು ಇಲ್ಲಿ ಕಟ್ಟಿದರು. ಅದು ೨೦೦೮ರಲ್ಲಿ ತೆರೆ ಕಂಡಿತು. ಬಳಿಕ ‘ಗೇಮ್ ಆಫ್ ಥ್ರೋನ್ಸ್’ ಎಂಬ ಅಮೆರಿಕನ್ ಧಾರಾವಾಹಿ ಬಂದು, ಹತ್ತಿರ ಹತ್ತಿರ ಹತ್ತು ವರ್ಷ ಇಲ್ಲಿ ತಳವೂರಿತು. ೨೦೧೧ರಿಂದ ೨೦೧೯ರವರೆಗೆ ಪ್ರಸಾರವಾದ ಈ ಧಾರಾವಾಹಿಯ ಸಿಂಹಾಸನದ ಸಭಾಂಗಣವನ್ನು ಜಗತ್ತೇ ನೋಡಿತು. ಅದು ಹಡಗಿಗೆ ಬಣ್ಣ ಬಳಿಯುವ ಕೊಟ್ಟಿಗೆಯೆಂದು ಬಲ್ಲವರು ಕಡಿಮೆ.

ಇದುವರೆಗಿನ ಕತೆಯಲ್ಲಿ ಮೆಚ್ಚಬೇಕಾದ್ದು ಬಹಳವಿದೆ. ಕಟ್ಟಡವನ್ನು ಕೆಡವದೆ ಉಪಯೋಗಿಸಿದ್ದು ಮೊದಲನೆಯದು. ಬಡಗಿ, ಬೆಸುಗೆಯವ, ಬಣ್ಣದವ, ವಿದ್ಯುತ್ ಕೆಲಸದವ, ಇವರೆಲ್ಲ ಹಡಗಿಗೆ ಬೇಕಾಗಿದ್ದಂತೆ ಸಿನಿಮಾದ ಸೆಟ್ಟಿಗೂ ಬೇಕು ಎಂಬುದು ಎರಡನೆಯದು. ಉತ್ತರ ಐರ್ಲೆಂಡಿನ ಚಲನಚಿತ್ರ ಸಂಸ್ಥೆ ಈ ಧಾರಾವಾಹಿಗೆ ಒಟ್ಟು ೧ ಕೋಟಿ ೬೦ ಲಕ್ಷ ಪೌಂಡುಗಳಷ್ಟು ಸಹಾಯಧನ ಕೊಟ್ಟು, ೨೫ ಕೋಟಿ ಪೌಂಡುಗಳಷ್ಟು ನಾಡಿನೊಳಗೆ ಖರ್ಚಾಯಿತೆಂದು ಲೆಕ್ಕ ಹೇಳುತ್ತದೆ. ಮೂವತ್ತು ವರ್ಷಗಳ ಬಾಂಬು ಬಂದೂಕುಗಳಿಂದ ನಲುಗಿದ್ದ ನಗರಕ್ಕೆ ಹೊರಗಿನವರು ಸಂತೋಷದಿಂದ ಬರುವಂತಾದದ್ದು ಲೆಕ್ಕಕ್ಕೆ ಸಿಗದ ಲಾಭ.

ಆದರೆ ೨೦೧೯ನೆಯ ಇಸವಿಯನ್ನು ಸ್ವಲ್ಪ ನಿಂತು ನೋಡಬೇಕು. ಆ ವರ್ಷದ ಮೇ ತಿಂಗಳಲ್ಲಿ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾಯಿತು. ಆಗಸ್ಟಿನಲ್ಲಿ ಹಾರ್ಲಂಡ್ ಅಂಡ್ ವುಲ್ಫ್ ದಿವಾಳಿ ಅಧಿಕಾರಿಗಳ ಕೈಗೆ ಹೋಯಿತು. ೩೫,೦೦೦ ಜನರಿದ್ದಲ್ಲಿ ಉಳಿದಿದ್ದ ನೂರಿಪ್ಪತ್ತು ಚಿಲ್ಲರೆ ಕೆಲಸಗಾರರು ಕಾರ್ಖಾನೆಯ ಗೇಟಿನಲ್ಲಿ ಸುಮಾರು ಒಂಬತ್ತು ವಾರ ಹಗಲೂ ರಾತ್ರಿ ಕಾವಲು ಕೂತು, ಸರಕಾರವೇ ಕಾರ್ಖಾನೆಯನ್ನು ವಹಿಸಿಕೊಳ್ಳಲಿ ಎಂದು ಒತ್ತಾಯಿಸಿದರು. ಅಕ್ಟೋಬರಿನಲ್ಲಿ ಬೇರೊಂದು ಕಂಪನಿ ಕೊಂಡುಕೊಂಡಿತು. ಅದೇ ತಿಂಗಳು, ಬೆಲ್‌ಫಾಸ್ಟಿನಲ್ಲಿ ಚಿತ್ರೀಕರಿಸಿದ್ದ ಹೊಸ ಧಾರಾವಾಹಿಯ ಮೊದಲ ಕಂತನ್ನು ಅಮೆರಿಕದ ಕಂಪನಿ ಕೈಬಿಟ್ಟಿತು. ಅದರ ಬದಲು ಆರಿಸಿಕೊಂಡ ‘ಹೌಸ್ ಆಫ್ ದಿ ಡ್ರ್ಯಾಗನ್’ ಇಂಗ್ಲೆಂಡಿನ ಲೀವ್ಸ್‌ಡೆನ್ ಸ್ಟುಡಿಯೋ ಸೇರಿತು. ಲೀವ್ಸ್‌ಡೆನ್ ಕೂಡ ಹಿಂದೆ ವಿಮಾನದ ಎಂಜಿನ್ ಕಾರ್ಖಾನೆಯೇ! ಒಂದು ಸತ್ತ ಕಾರ್ಖಾನೆಯಿಂದ ಇನ್ನೊಂದಕ್ಕೆ ಸಿನಿಮಾ ಹೀಗೆ ಸಲೀಸಾಗಿ ನಡೆದುಹೋಗುತ್ತದೆ. ೨೦೨೪ರಲ್ಲಿ ಅದೇ ಕಥಾಲೋಕದ ಮತ್ತೊಂದು ಧಾರಾವಾಹಿಗಾಗಿ ಅವರು ಉತ್ತರ ಐರ್ಲೆಂಡಿಗೆ ಮರಳಿದ್ದೂ ನಿಜ. ಬರುವುದೂ ಹೋಗುವುದೂ ಅವರ ಇಚ್ಛೆ. ಕಾಯುವುದು ಊರಿನ ಪಾಲು.

ನಮ್ಮ ಕರಾವಳಿಯವರಿಗೆ ಈ ಬಗೆಯ ಅತಿಥಿ ಹೊಸಬನೇನೂ ಅಲ್ಲ. ಯಕ್ಷಗಾನ ಮೇಳ ತಿರುಗಾಟಕ್ಕೆ ಹೊರಟು ಊರಿಗೆ ಬಂದರೆ, ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ. ಬೆಳಗಿನವರೆಗೆ ಆಟ, ಚಹಾದ ಅಂಗಡಿಗೆ ವ್ಯಾಪಾರ, ಊರಿಗೆ ಸಂಭ್ರಮ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಗದ್ದೆಗೆ ಮತ್ತೆ ನೇಗಿಲು ಬರುತ್ತದೆ. ಆಟ ಚೆನ್ನಾಗಿತ್ತೆಂದು ಗದ್ದೆಯನ್ನೇ ಮೇಳಕ್ಕೆ ಬರೆದುಕೊಟ್ಟ ಒಕ್ಕಲಿಗನನ್ನು ನಾವು ಕಂಡಿಲ್ಲ. ಬಂದರಿನ ನೆಲಕ್ಕೂ ಇದೇ ನ್ಯಾಯ ಅನ್ವಯಿಸಬೇಕು. ಸ್ಟುಡಿಯೋ ಒಳ್ಳೆಯ ಬಾಡಿಗೆದಾರ. ಅದನ್ನು ಕಾರ್ಖಾನೆಯ ವಾರಸುದಾರನೆಂದು ತಿಳಿದರೆ ಮೋಸ ಹೋಗುತ್ತೇವೆ.

ಈ ನ್ಯಾಯವನ್ನು ಬಹುಮಟ್ಟಿಗೆ ಪಾಲಿಸಿದ್ದು ಬ್ರೂಕ್ಲಿನ್. ೧೮೦೧ರಲ್ಲಿ ಆರಂಭವಾಗಿ, ಮಹಾಯುದ್ಧದಲ್ಲಿ ೭೦,೦೦೦ದಷ್ಟು ಜನರಿಗೆ ಕೆಲಸ ಕೊಟ್ಟಿದ್ದ ಆ ನೌಕಾಂಗಣ ೧೯೬೬ರಲ್ಲಿ ಮುಚ್ಚಿತು. ನಗರಸಭೆ ಅದನ್ನು ಕೊಂಡು, ಒಡೆತನವನ್ನು ತನ್ನಲ್ಲೇ ಇಟ್ಟುಕೊಂಡು, ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದಕ್ಕೆ ಆಡಳಿತವನ್ನು ವಹಿಸಿತು. ಅಲ್ಲಿ ಸ್ಟುಡಿಯೋ ಇದೆ. ಅದರ ಅಕ್ಕಪಕ್ಕದಲ್ಲಿ ಮರಗೆಲಸದವರು, ಲೋಹದ ಕೆಲಸದವರು, ತಿಂಡಿ ತಯಾರಿಸುವವರು ಹೀಗೆ ನೂರಾರು ಸಣ್ಣ ಉದ್ಯಮಗಳೂ ಇವೆ. ಒಬ್ಬ ಎದ್ದುಹೋದರೆ ಮನೆ ಬರಿದಾಗದು.

ಬೆಲ್‌ಫಾಸ್ಟಿನ ಬಗ್ಗೆ ನಮ್ಮ ಇನ್ನೊಂದು ಆಕ್ಷೇಪಣೆ ನೆನಪಿಗೆ ಸಂಬಂಧಿಸಿದ್ದು. ೧೯೨೦ರ ಜುಲೈಯಲ್ಲಿ ಆ ನಗರದ ಹಡಗು ಕಾರ್ಖಾನೆಗಳಿಂದ ಸಾವಿರಾರು ಕ್ಯಾಥೊಲಿಕ್ ಕೆಲಸಗಾರರನ್ನೂ, ಕಾರ್ಮಿಕ ಪಕ್ಷಪಾತಿಗಳಾದ ಪ್ರಾಟೆಸ್ಟಂಟರನ್ನೂ ಹೊಡೆದೋಡಿಸಿದ್ದರು. ಆಮೇಲೂ ಬಹುಕಾಲ ಕ್ಯಾಥೊಲಿಕರಿಗೆ ಅಲ್ಲಿ ಕೆಲಸ ಸಿಗುವುದು ಕಷ್ಟವಿತ್ತು. ‘ಸತ್ತ ಎಮ್ಮೆಗೆ ಹತ್ತು ಸೇರು ಹಾಲು’ ಎಂಬಂತೆ ಗತಕಾಲವನ್ನು ಹೊಗಳುವಾಗ ಇಂಥದು ಮರೆತುಹೋಗುತ್ತದೆ. ಟೈಟಾನಿಕ್ಕಿನ ಹೆಸರು, ಕಲ್ಪಿತ ರಾಜರ ಸಿಂಹಾಸನ, ಎರಡೂ ಪ್ರವಾಸಿಗೆ ಪ್ರಿಯ. ಹೆದ್ದಾರಿ ಮತ್ತು ರೈಲು ಹಾದಿಯ ಆಚೆ ಬದಿಯಲ್ಲಿ ಮೂರು ತಲೆಮಾರು ಹಡಗು ಕಟ್ಟಿದ ಮನೆತನಗಳ ಬೀದಿಗಳಿವೆ. ಹೊಸ ಬಡಾವಣೆಯ ಹೊಳಪು ರಸ್ತೆ ದಾಟಿ ಅಲ್ಲಿಗೆ ಎಷ್ಟು ಹೋಯಿತು ಎಂಬುದೇ ನಿಜವಾದ ಪರೀಕ್ಷೆ. ಈ ದೃಷ್ಟಿಯಿಂದ, ೨೦೨೫ರಲ್ಲಿ ಬಂದರಿನ ಇನ್ನೊಂದು ಭಾಗದಲ್ಲಿ ತೆರೆದ ಹೊಸ ಸ್ಟುಡಿಯೋ ವಿಶ್ವವಿದ್ಯಾಲಯದ ಒಡೆತನದಲ್ಲಿರುವುದು ಸ್ವಾಗತಾರ್ಹ. ಧಾರಾವಾಹಿ ಹೋದರೂ ಕಲಿತ ವಿದ್ಯೆ ಊರಿನಲ್ಲಿ ಉಳಿಯುತ್ತದೆ. ಹಡಗು ಕಾರ್ಖಾನೆಯೂ ೨೦೨೪ರಲ್ಲಿ ಮತ್ತೊಮ್ಮೆ ದಿವಾಳಿಯಾಗಿ, ೨೦೨೫ರಲ್ಲಿ ಸ್ಪೇನಿನ ನವಾಂತಿಯಾ ಕಂಪನಿಯ ಕೈಸೇರಿ, ನೌಕಾಪಡೆಯ ಸರಬರಾಜು ಹಡಗುಗಳ ಕೆಲಸ ಹಿಡಿದಿದೆ. ಅದು ಸತ್ತಿತೆಂದು ಎಲ್ಲ ನೆಲವನ್ನೂ ಹಂಚಿಬಿಟ್ಟಿದ್ದರೆ ಈ ಕೆಲಸ ಎಲ್ಲಿಗೆ ಬರಬೇಕಿತ್ತು?

ಈಗ ನಮ್ಮ ನಗರಕ್ಕೆ ಬರೋಣ. ಕೊಲಾಬಾದ ಕಡಲಂಚಿನ ಮುಕೇಶ್ ಮಿಲ್ ಹತ್ತೊಂಬತ್ತನೆಯ ಶತಮಾನದ ಬಟ್ಟೆ ಗಿರಣಿ. ೧೯೮೦ರ ದಶಕದ ಆರಂಭದಲ್ಲಿ ಬೆಂಕಿ ಅನಾಹುತದ ಬಳಿಕ ಅದು ಮುಚ್ಚಿತು. ಮುಂದೆ ಅದರ ಪಾಳುಗೋಡೆಗಳೇ ಹಿಂದಿ ಸಿನಿಮಾಗಳ ಸೆಟ್ಟಾದವು. ೧೯೯೧ರ ‘ಹಮ್’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಕುಣಿದದ್ದು ಅಲ್ಲಿಯೇ. ಗಿರಣಿಯ ಸುತ್ತ ಭೂತದ ಕತೆಗಳು ಹುಟ್ಟಿಕೊಂಡವು. ಅಲ್ಲಿ ದುಡಿದವರ ಕತೆಯನ್ನು ಕೇಳಿದವರಿಲ್ಲ. ೧೯೮೨ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ಗಿರಣಗಾಂವಿನ ಚಾಳುಗಳಲ್ಲಿ, ಖಾನಾವಳಿಗಳಲ್ಲಿ ನಮ್ಮವರೂ ಇದ್ದರು. ಗಿರಣಿಗಳ ನೆಲ ಮಾರಾಟಕ್ಕೆ ಬಂದಾಗ ಮೂರರಲ್ಲೊಂದು ಪಾಲು ಉದ್ಯಾನ ಮೈದಾನಗಳಿಗೆ, ಮತ್ತೊಂದು ಪಾಲು ಜನವಸತಿಗೆ ಎಂದು ೧೯೯೧ರ ನಿಯಮ ಹೇಳಿತ್ತು. ೨೦೦೧ರ ತಿದ್ದುಪಡಿ ಆ ಲೆಕ್ಕವನ್ನು ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. ೨೦೦೬ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಪರಿಣಾಮವನ್ನು ಪರೇಲ್, ಲೋವರ್ ಪರೇಲ್‌ಗಳಲ್ಲಿ ಕತ್ತೆತ್ತಿ ನೋಡಬಹುದು.

ಮುಂಬಯಿಯ ಪೂರ್ವದ ಬಂದರು ನೆಲಕ್ಕೂ ೨೦೧೮ರಲ್ಲಿ ಕರಡು ಯೋಜನೆಯೊಂದು ಪ್ರಕಟವಾಗಿತ್ತು. ಆ ನೆಲದ ಗೋದಾಮುಗಳಲ್ಲಿ ಸ್ಟುಡಿಯೋ ಮಾಡೋಣವೆಂದು ನಾಳೆ ಯಾರಾದರೂ ಬೆಲ್‌ಫಾಸ್ಟಿನ ಚಿತ್ರ ತೋರಿಸಿದರೆ ನಾವು ಬೇಡವೆನ್ನಬೇಕಾಗಿಲ್ಲ. ನೆಲದ ಒಡೆತನ ಯಾರದು, ಬಾಡಿಗೆಯ ಅವಧಿ ಎಷ್ಟು ವರ್ಷ, ಧಕ್ಕೆಯ ಮೇಲೆ ದುಡಿದವರ ಮಕ್ಕಳಿಗೆ ಯಾವ ಕೆಲಸ ಕಲಿಸುತ್ತೀರಿ, ಸಾಮಾನ್ಯ ಜನ ನೀರಿನ ಅಂಚಿನವರೆಗೆ ನಡೆದುಹೋಗಬಹುದೇ? ಈ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೇಳಬೇಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ನಗರವೆಂದರೆ ಮೊದಲು ಕೆಲಸ, ಆಮೇಲೆ ನೋಟ. ಆ ಕ್ರಮ ತಿರುವುಮುರುವಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮದೂ ಹೌದು.